ವೋಲ್ಟೇಜ್ ಮೇಸ್ತ್ರಿ

ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರು ಅವನ ಫ್ಲೆಕ್ಸ್ ಕಟ್ಟಿದ್ದರು. ಹಾರ ಹಾಕಿದ ಫೋಟೊ, ಎರಡೂ ಪಕ್ಕ ದೀಪದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘ಎಲೆಕ್ಟ್ರಾನಿಕ್ಸ್ ಮಾಂತ್ರಿಕ ಇನ್ನಿಲ್ಲ’ ಅಂತ. ನಾನು ಅಕ್ಷರ ಕೂಡಿಸಿಕೊಂಡು ಓದುವವಳು. ಮಾಂತ್ರಿಕ ಅನ್ನುವಲ್ಲಿಗೆ ಬಂದು ನಿಂತುಬಿಟ್ಟೆ.

“ಯಾರಮ್ಮ ಅದು? ಗೊತ್ತಿದ್ದೋರಾ?” ಅಂದಳು ಮಗಳು.

“ಗೊತ್ತಿಲ್ದೆ ಏನು? ನಮ್ಮ ಅನ್ನ ಕೀಳಾಕೆ ಬಂದಿದ್ದ ಮಾಂತ್ರಿಕ.”

“ಸತ್ತೋರ ಬಗ್ಗೆ ಹಂಗೆಲ್ಲ ಅನ್ನಬಾರ್ದಮ್ಮ.”

ಬದುಕಿದ್ದಾಗ ಅವನ ಮುಖದ ಮುಂದೆಯೇ ಅಂದಿದ್ದೇನೆ. ಸತ್ತ ಅಂತ ಈಗ ಮಾತು ಬದಲಿಸಿದರೆ ಅವನಿಗೂ ಮರ್ಯಾದೆಯಲ್ಲ, ನನಗೂ ಅಲ್ಲ. ಹೆಸರು ಮಾತ್ರ ಹೇಳುವುದಿಲ್ಲ. ಅವನ ಮಕ್ಕಳು ಅದೇ ಊರಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾರೆ, ಅವರೇನೂ ನನಗೆ ಕೆಟ್ಟದ್ದು ಮಾಡಿಲ್ಲ. ಹೆಸರಿನಿಂದ ಅವನನ್ನು ಕರೆದವರೂ ಕಡಿಮೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರು ಊರಲ್ಲೂ ಅವನು ವೋಲ್ಟೇಜ್ ಮೇಸ್ತ್ರಿ.

ಆ ಹೆಸರು ಬಂದದ್ದು ಅವನ ಬಾಯಿಂದಲೇ. ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯವನು. ಎಪ್ಪತ್ತರ ಆಚೀಚೆ ಬಂದು ಚನ್ನಗಿರಿಯ ಅಡಿಕೆ ಮಂಡಿಗಳ ಸಾಲಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ. ಅದರ ಹಿಂದಿನ ಓಣಿಯೇ ನನ್ನ ತವರು. ಅವನ ವೇಷ ನೋಡಬೇಕಿತ್ತು. ನೆಲ ಗುಡಿಸುವಷ್ಟು ಅಗಲದ ಪ್ಯಾಂಟು, ಕಿವಿ ಮುಚ್ಚುವ ಕೂದಲು, ಮೇಷ್ಟ್ರುಗಳು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಟೆಸ್ಟರು. ಯಾರು ರೇಡಿಯೋ ತಂದರೂ ಮೊದಲು ಕಣ್ಣು ಮುಚ್ಚಿ ಅದಕ್ಕೆ ಕಿವಿ ಹಚ್ಚುತ್ತಿದ್ದ. ಬಸುರಿಯ ಹೊಟ್ಟೆಗೆ ಡಾಕ್ಟರು ಕೊಳವೆ ಹಿಡಿದು ಕೇಳುತ್ತಾರಲ್ಲ, ಹಾಗೆ. ತಂದವನು ಉಸಿರು ಬಿಗಿಹಿಡಿದು ನಿಲ್ಲಬೇಕು. ಕೊನೆಗೆ ಇವನು ಕಣ್ಣು ಬಿಟ್ಟು “ವೋಲ್ಟೇಜು” ಅನ್ನುತ್ತಿದ್ದ. ಅಷ್ಟೇ. ಸ್ಪೀಕರು ಹರಿದಿದ್ದರೂ ವೋಲ್ಟೇಜು, ಗುಂಡಿ ಮುರಿದಿದ್ದರೂ ವೋಲ್ಟೇಜು.

ನನ್ನ ಅಪ್ಪನದು ಸೆಲ್ ಹಾಕುವ ರೇಡಿಯೋ. ಅದು ಗರಗರ ಅನ್ನಲು ಶುರುವಾದಾಗ ಅಪ್ಪ ಅವನ ಹತ್ತಿರ ತಗೊಂಡು ಹೋದರು. ಅಪ್ಪನ ಜೊತೆ ನಾನೂ ಇದ್ದೆ. ಕಣ್ಣು ಮುಚ್ಚಿದ, ಕಣ್ಣು ಬಿಟ್ಟ. “ವೋಲ್ಟೇಜು ಯಜಮಾನ್ರೇ.”

ಅಪ್ಪ ಹೇಳಿದರು: “ನಮ್ಮನೇಲಿ ಕರೆಂಟೇ ಇಲ್ಲ ಮೇಸ್ತ್ರಿ. ವೋಲ್ಟೇಜು ಎಲ್ಲಿಂದ ಬಂತು?”

“ಸೆಲ್ಲೊಳಗೂ ವೋಲ್ಟೇಜು ಐತೆ ಯಜಮಾನ್ರೇ. ನಿಮಗೆ ಕಾಣಲ್ಲ, ನನಗೆ ಕಾಣ್ತತೆ.”

ಸೆಲ್ಲೊಳಗೆ ವೋಲ್ಟೇಜು ಇರುವುದು ನಿಜವೇ ಅಂತ ಆಮೇಲೆ ಯಾರೋ ಹೇಳಿದರು. ಇರಲಿ. ಆದರೆ ಹಿಂಬದಿಯ ಮುಚ್ಚಳ ಬಿಚ್ಚಿದಾಗ ಒಳಗಿಂದ ಬಿದ್ದದ್ದು ಸತ್ತ ಜಿರಲೆ. ಅದನ್ನು ಚಿಮಟದಲ್ಲಿ ಎತ್ತಿ ಬೀದಿಗೆ ಎಸೆದು, ಅವನು ಅಪ್ಪನಿಗೆ ಹೇಳಿದ ಮಾತು: “ನೋಡಿ, ವೋಲ್ಟೇಜು ಹೆಚ್ಚಾಗಿ ಸತ್ತೈತೆ.”

ಅವನ ಸ್ವಭಾವ ಅದು. ಒಮ್ಮೆ ಬಾಯಿಂದ ಮಾತು ಬಿದ್ದರೆ ಪ್ರಪಂಚವೇ ಬಂದು ಆ ಮಾತಿನ ಕೆಳಗೆ ಕೂರಬೇಕು. ಇದರ ಭಾಗ ಅದಕ್ಕೆ, ಅದರ ಭಾಗ ಇದಕ್ಕೆ ಹಾಕುವುದಂತೂ ಅವನಿಗೆ ಉಸಿರಾಡಿದಷ್ಟು ಸಲೀಸು. ಮಂಡಿಯ ಪಕ್ಕದ ಖಾನಾವಳಿಯ ಯಜಮಾನಿ ಒಂದು ಸಲ ಅವನ ಅಂಗಡಿ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು: “ನಮ್ಮ ರೇಡಿಯೋದ ಗಂಟಲು ಕಿತ್ತು ಟೈಲರ್ ರೇಡಿಯೋಕ್ಕೆ ಹಾಕೀಯಲ್ಲೋ! ನಮ್ಮದು ಅತ್ತಂಗೆ ಮಾತಾಡ್ತತೆ, ಅವನದು ನಮ್ಮದಿದ್ದಂಗೆ ಮಾತಾಡ್ತತೆ!” ಅವನು ಅಂಗಡಿಯೊಳಗಿಂದ ಕತ್ತು ಹೊರಗೆ ಹಾಕಿ, “ಗಂಟಲು ಗುರುತು ಹಿಡಿಯೋವಷ್ಟು ಚೆನ್ನಾಗಿ ರಿಪೇರಿ ಮಾಡೀನಲ್ಲಕ್ಕ, ಅದನ್ನ ನೋಡು” ಅಂದ. ಬೀದಿ ನಕ್ಕಿತು. ಆ ಹೆಂಗಸಿಗೂ ನಗು ತಡೆಯಲಾಗಲಿಲ್ಲ. ಅವನ ಬಂಡವಾಳವೇ ಅದು: ಬೈಯಲು ಬಂದವರನ್ನು ನಗಿಸಿ ಕಳಿಸುವುದು. ನನ್ನನ್ನು ಮಾತ್ರ ನಗಿಸಲು ಅವನಿಂದಾಗಲಿಲ್ಲ.

ಇನ್ನೊಂದು ಚಟ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಎಲೆ ಅಡಿಕೆ. ಅಡಿಕೆ ಊರಿಗೆ ಬಂದವನು ಅಡಿಕೆ ಹಾಕದೆ ಇರುತ್ತಾನೆಯೇ? ಆದರೆ ಎಲ್ಲರಂತೆ ಹಾಕಿದರೆ ಅವನು ಅವನಾಗುವುದು ಹೇಗೆ? ಬಲಗೈಯಲ್ಲಿ ಕಾದ ಸೋಲ್ಡರಿಂಗ್ ಕಡ್ಡಿ ಇರುತ್ತಿತ್ತು. ಅದನ್ನು ಕೆಳಗಿಡದೆ ಎಡಗೈ ಒಂದರಲ್ಲೇ ಎಲೆ ಹರಡಿ, ಡಬ್ಬಿಯೊಳಗೆ ಹೆಬ್ಬೆರಳು ಅದ್ದಿ, ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ ಬಾಯಿಗೆ ಎಸೆದುಕೊಳ್ಳುತ್ತಿದ್ದ. ನೋಡಲು ಜನ ನಿಲ್ಲುತ್ತಿದ್ದರು. ಬೆರಳಲ್ಲಿ ಉಳಿದ ಸುಣ್ಣವನ್ನು ಏನು ಮಾಡಬೇಕು? ಎಲ್ಲರೂ ಮಾಡುವುದೇ, ಕೈಗೆ ಸಿಕ್ಕಿದ್ದಕ್ಕೆ ಒರೆಸುವುದು. ನಮ್ಮ ಕಡೆ ಮಂಡಿಯ ಕಂಬ, ಕಚೇರಿಯ ಬಾಗಿಲು, ಬಸ್ಸಿನ ಸೀಟು, ಎಲ್ಲದರ ಮೇಲೂ ಬಿಳಿ ಗೀಟು ಇದ್ದೇ ಇರುತ್ತಿತ್ತು. ಯಾರೂ ಅದನ್ನು ಕೊಳೆ ಅಂತ ಲೆಕ್ಕಕ್ಕೆ ಹಿಡಿದವರಲ್ಲ. ಕೊಳೆ ತೊಳೆಯುವ ಹೆಂಗಸರು ಲೆಕ್ಕಕ್ಕೆ ಹಿಡಿದಿರಬಹುದು, ಅವರನ್ನು ಕೇಳಿದವರಿಲ್ಲ.

ನನ್ನನ್ನು ಹೊನ್ನಾಳಿಗೆ ಕೊಟ್ಟರು. ಕೆಲವು ವರ್ಷಕ್ಕೆ ನಮ್ಮ ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ ಆಯಿತು. ಯಾಕೆ ಅನ್ನುವುದು ಇಲ್ಲಿ ಬೇಡ. ಅತ್ತೆ, ಇಬ್ಬರು ಹೆಣ್ಣುಮಕ್ಕಳು, ನಾನು. ಊರಲ್ಲಿ ಒಬ್ಬ ಡಾಕ್ಟರು ನರ್ಸಿಂಗ್ ಹೋಮ್ ತೆಗೆದಾಗ ಆಯಾ ಕೆಲಸಕ್ಕೆ ಸೇರಿದೆ. ನೆಲ ಒರೆಸುವುದರಿಂದ ಶುರುಮಾಡಿ ಆಪರೇಷನ್ ರೂಮಿನವರೆಗೆ ಹೋದೆ. ಅದರ ಗೋಡೆ, ನೆಲ, ಮೇಜು ಬ್ಲೀಚಿಂಗ್ ಪುಡಿಯ ನೀರಲ್ಲಿ ತೊಳೆಯುವುದು, ಬಟ್ಟೆ ಕುದಿಸುವುದು, ಸಾಮಾನು ಜೋಡಿಸಿಡುವುದು ನನ್ನ ಕೆಲಸ. ನನ್ನ ಕೈ ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು.

ಎಂಬತ್ತರ ದಶಕದ ಕೊನೆಗೆ ಡಾಕ್ಟರ ಭಾವಮೈದುನ ಪರದೇಶದಿಂದ ಒಂದು ಏಸಿ ತಂದುಕೊಟ್ಟ. ಹೊನ್ನಾಳಿಯಲ್ಲಿ ಅದನ್ನು ನೋಡಲು ಕಾಯಿಲೆ ಇಲ್ಲದವರೂ ಬಂದರು. ಆಪರೇಷನ್ ರೂಮಿನ ಕಿಟಕಿಗೆ ಕೂರಿಸಿದರು. ಒಳಗೆ ಒಂದು ಬೋರ್ಡು, ಅದರ ಮೇಲೆ ಇರುವೆ ಸಾಲಿನಂಥ ಸಣ್ಣ ಸಣ್ಣ ಸಾಮಾನು. ಕೋಣೆ ಎಷ್ಟು ಬಿಸಿಯಾಗಿದೆ ಅಂತ ಆ ಬೋರ್ಡೇ ತಿಳಿದುಕೊಂಡು, ತಂಪು ಬೇಕಾದಾಗ ಮಿಷನ್ನು ಹಾಕಿ, ಸಾಕಾದಾಗ ಆರಿಸುತ್ತದಂತೆ. ಬೇಸಿಗೆಯಲ್ಲಿ ವೋಲ್ಟೇಜು ಏರಿಳಿದು ಬೋರ್ಡು ಒಮ್ಮೆ ಸುಟ್ಟಿತು. ಆ ಸಲ ಮಾತ್ರ ನಿಜವಾಗಿ ವೋಲ್ಟೇಜೇ. ಚನ್ನಗಿರಿಯಿಂದ ಮೇಸ್ತ್ರಿಯನ್ನು ಕರೆಸಿದರು.

ಅಷ್ಟೊತ್ತಿಗೆ ಅವನು ಬರೀ ರೇಡಿಯೋದವನಾಗಿರಲಿಲ್ಲ. ಟೀವಿ, ಸ್ಟೆಬಿಲೈಸರು, ಎಲ್ಲದರ ಬೋರ್ಡೂ ಬಿಚ್ಚುತ್ತಿದ್ದ. ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಬಸ್ಸಿನಲ್ಲೇ ತಿರುಗುತ್ತಿದ್ದ. ಜಗಳೂರು ಅಂದರೆ ಎದೆ ಉಬ್ಬಿಸುತ್ತಿದ್ದ. “ನಮ್ಮ ಜಗಳೂರಾಗೆ ನಾನು ಮುಟ್ಟಿದ್ದು ಒಂದಾದ್ರೂ ತಿರುಗಿ ಬಂದೈತಾ ಕೇಳ್ರಿ. ಅಲ್ಲಿ ವೋಲ್ಟೇಜು ಅಂದ್ರೆ ವೋಲ್ಟೇಜು! ನಿಮ್ಮ ಕಡೇದು ಬಿಡ್ರಿ, ಹೊಳೆ ನೀರಿದ್ದಂಗೆ, ಇವತ್ತು ತುಂಬ್ತು ನಾಳೆ ಬತ್ತಿತು.” ಇಲ್ಲಿ ಅವನು ರಿಪೇರಿ ಮಾಡಿದ್ದು ಮಳೆಗಾಲದಲ್ಲಿ ಮತ್ತೆ ಕೈ ಕೊಡುತ್ತಿತ್ತು. ಅದಕ್ಕೆ ಅವನ ಸಮಜಾಯಿಷಿ ಅದು.

ಅವನಿಗೆ ಏನೂ ಬರುತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಸುಟ್ಟ ಬೋರ್ಡನ್ನು ಬಿಚ್ಚಿ, ಕಪ್ಪಾದ ಭಾಗ ಕಿತ್ತು, ಅದಕ್ಕೆ ಸರಿಹೊಂದುವುದು ಎಲ್ಲೆಲ್ಲಿಂದಲೋ ಹುಡುಕಿ ತಂದು ಹಾಕಿದ. ಏಸಿ ನಡೆಯಿತು. ವರಾಂಡದಲ್ಲಿ ನಿಂತೇ ಒಳಗೆ ಟಕ್ ಅನ್ನುವ ಸದ್ದು ಕೇಳಿ, “ಈಗ ತಂಪು ಹಿಡೀತು” ಅನ್ನುತ್ತಿದ್ದ, ಒಳಗೆ ಹೋಗಿ ನೋಡಿದರೆ ಹಾಗೇ ಇರುತ್ತಿತ್ತು. ಕಿವಿ ಇತ್ತು ಅವನಿಗೆ. ಬಾಯಿ ಅಷ್ಟು ದೊಡ್ಡದಿರದಿದ್ದರೆ ಆ ಕಿವಿಗೆ ಬೆಲೆ ಬರುತ್ತಿತ್ತು.

ಮಳೆ ಹಿಡಿಯಿತು. ಹೊಳೆ ತುಂಬಿತು, ಗೋಡೆಯೆಲ್ಲ ಬೆವರತೊಡಗಿತು. ಏಸಿ ಗಾಳಿ ಬೀಸುತ್ತಿತ್ತು, ತಂಪು ಮಾತ್ರ ಇಲ್ಲ. ಟಕ್ ಅಂತ ಹತ್ತಿಕೊಂಡು, ಒಂದು ಉಸಿರು ಬಿಡುವಷ್ಟರಲ್ಲಿ ಟಕ್ ಅಂತ ಆರುತ್ತಿತ್ತು. ಕಿಟಕಿಗೆ ಮಿಷನ್ನು ಕೂರಿಸಿ ಮುಚ್ಚಿಬಿಟ್ಟಿದ್ದರಿಂದ ಹೊರಗಿನ ಗಾಳಿಯೂ ಇಲ್ಲ. ಹೊಟ್ಟೆ ಕೊಯ್ದಿಟ್ಟ ಹೊತ್ತಲ್ಲಿ ಡಾಕ್ಟರ ಹಣೆಯಿಂದ ಬೆವರು ಇಳಿಯುವುದು, ನಾನು ಒರೆಸುವುದು. ಒಂದು ದಿನ ಒರೆಸುವ ಮೊದಲೇ ಬೆವರು ಅವರ ಕೈಗವಸಿನ ಮೇಲೆ ಬಿತ್ತು. ಅವತ್ತಿನಿಂದ ಡಾಕ್ಟರು ದೊಡ್ಡ ಆಪರೇಷನ್ ಎಲ್ಲ ದಾವಣಗೆರೆಗೆ ಬರೆದುಕೊಡತೊಡಗಿದರು.

ಮೇಸ್ತ್ರಿ ಬಂದ. ಬೋರ್ಡು ಬಿಚ್ಚಿಕೊಂಡು ಚನ್ನಗಿರಿಗೆ ಒಯ್ದ. ಅಲ್ಲಿಂದ ಜಗಳೂರಿಗೆ ಹೋಗುವುದಿತ್ತಂತೆ, ಅಲ್ಲಿಗೂ ಒಯ್ದು ಮೇಜಿನ ಮೇಲೆ ಹಾಕಿ ನೋಡಿದ. ಸರಿ ಇತ್ತಂತೆ. ತಂದು ಹಾಕಿದ. ಆ ದಿನ ನಡೆಯಿತು, ಮಾರನೆ ದಿನ ಮಳೆ ಹೊಯ್ದಾಗ ಮತ್ತೆ ಟಕ್ ಟಕ್. ಮತ್ತೆ ಬಿಚ್ಚಿದ, ಮತ್ತೆ ಒಯ್ದ, ಮತ್ತೆ ತಂದ. ಪ್ರತಿ ಸಲವೂ ಬಾಯಲ್ಲಿ ಎಲೆ, ಪ್ರತಿ ಸಲವೂ ವೋಲ್ಟೇಜು.

ಒಂದು ಬೆಳಿಗ್ಗೆ ಡಾಕ್ಟರು ವರಾಂಡದಲ್ಲೇ ಹರಿಹಾಯ್ದರು. ಬೆಂಚಿನ ತುಂಬ ರೋಗಿಗಳ ಕಡೆಯವರು ಕೂತಿದ್ದರು.

“ಹೊಸ ಸ್ಟೆಬಿಲೈಸರ್ ಹಾಕ್ಸಿದೀನಿ. ಇನ್ನೂ ಅದೇನಯ್ಯ ನಿನ್ನ ವೋಲ್ಟೇಜು? ಬರಲ್ಲ ಅಂದ್ರೆ ಬರಲ್ಲ ಅಂತ ಹೇಳು. ಬೆಂಗಳೂರಿಂದ ಕರಸ್ತೀನಿ.”

ಬೆಂಗಳೂರು ಅಂದದ್ದು ಅವನಿಗೆ ಚುಚ್ಚಿತು. ಅಷ್ಟು ಜನರ ಮುಂದೆ ಬೇರೆ. ಬೋರ್ಡು ಕೈಯಲ್ಲಿತ್ತು. ಅದನ್ನು ತಿರುಗಿಸಿ ನೋಡಿದ, ಜೇಬಿನಿಂದ ಭೂತಗನ್ನಡಿ ತೆಗೆದು ನೋಡಿದ. ಒಂದು ಮೂಲೆಯಲ್ಲಿ ಏನೋ ಬೆಳ್ಳಗೆ ಹಿಡಿದಿತ್ತು, ಅದರ ಸುತ್ತ ತಾಮ್ರದ ಗೆರೆ ಹಸಿರುಗಟ್ಟಿತ್ತು. ಉಗುರಿಂದ ಕೆರೆದ. ಮುಖ ಅರಳಿತು.

“ಸಾರ್, ಆ ರೂಮ್ ತೊಳೆಯೋರು ಯಾರು?”

ಡಾಕ್ಟರು ನನ್ನ ಕಡೆ ನೋಡಿದರು.

“ಯಾತರಲ್ಲಿ ತೊಳಿತೀಯಮ್ಮ?” ಅಂದ ನನಗೆ.

“ಬ್ಲೀಚಿಂಗ್ ಪುಡಿ ನೀರಾಗೆ. ಡಾಕ್ಟ್ರು ಹೇಳಿದಂಗೆ.”

“ಸಿಕ್ತಲ್ಲ ಸಾರ್!” ಅಂದ. ಬೋರ್ಡು ಎತ್ತಿ ಬೆಂಚಿನಲ್ಲಿ ಕೂತವರಿಗೂ ತೋರಿಸಿದ. “ಈಯಮ್ಮ ಗೋಡೆ ತೊಳೆಯೋವಾಗ ಮಿಷನ್ ಮೇಲೇ ನೀರು ಎರಚ್ಯಾಳೆ. ಬ್ಲೀಚಿಂಗ್ ಒಳಗೆ ಹೋಗಿ ಕೂತೈತೆ. ನಾನು ರಿಪೇರಿ ಮಾಡೋದು, ಈಕೆ ಕೆಡಿಸೋದು. ಇನ್ನೆಲ್ಲಿಂದ ನಿಲ್ತತೆ?”

“ನಾನು ಅದಕ್ಕೆ ಒಣ ಬಟ್ಟೆ ಬಿಟ್ಟು ಬೇರೆ ಮುಟ್ಟಿಸಿಲ್ಲ” ಅಂದೆ.

“ಮತ್ತೆ ಇದೇನು, ವಿಭೂತೀನಾ?”

ಬೆಂಚಿನವರು ನಕ್ಕರು. ಅವನ ಬಂಡವಾಳ ಕೆಲಸ ಮಾಡಿತು. ಡಾಕ್ಟರಿಗೆ ತಲೆಕೆಟ್ಟು ಹೋಗಿತ್ತು, ಯಾರ ಮೇಲಾದರೂ ಸುರಿಯಬೇಕಿತ್ತು. “ನಾಳೆಯಿಂದ ಬರಬೇಡ” ಅಂದುಬಿಟ್ಟರು. ನಾನು ಅಳಲಿಲ್ಲ, ಕೈ ಮುಗಿಯಲಿಲ್ಲ. ಬಕೆಟ್ಟು ಅಲ್ಲೇ ಇಟ್ಟು ಹೊರಟೆ. ಅಂಗಳ ದಾಟುವಾಗ ಅವನು ಡಾಕ್ಟರಿಗೆ ಹೇಳುತ್ತಿದ್ದುದು ಕೇಳಿಸಿತು: “ಇಂಥೋರ ಕೈಗೆ ಮಿಷನ್ ಕೊಡಬಾರ್ದು ಸಾರ್.”

ಹೊನ್ನಾಳಿ ಎಷ್ಟು ದೊಡ್ಡ ಊರು? ಸಂಜೆಯ ಹೊತ್ತಿಗೆ ನಲ್ಲಿಯ ಹತ್ತಿರ ಮಾತಾಯಿತು. ಪಕ್ಕದ ಮನೆಯವಳು ತನ್ನ ಮಿಕ್ಸಿ ಇದ್ದ ಮೂಲೆಗೆ ನನ್ನ ಮಗಳನ್ನು ಹೋಗಗೊಡಲಿಲ್ಲ. “ನಿಮ್ಮಮ್ಮ ಡಾಕ್ಟ್ರ ಮಿಷನ್ನೇ ತೊಳೆದಾಳಂತೆ” ಅಂದಳಂತೆ. ಬೇರೆ ಎರಡು ಕಡೆ ಆಯಾ ಕೆಲಸ ಕೇಳಿದೆ. ಇಬ್ಬರೂ ‘ಆಮೇಲೆ ನೋಡೋಣ’ ಅಂದರು. ಅತ್ತೆ ಮುದ್ದೆ ಚಿಕ್ಕದಾಗಿ ಕಟ್ಟತೊಡಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಆಪರೇಷನ್ ರೂಮಿಗೆ ಬೀಗ ಹಾಕಿ, ಯಾರೂ ನೀರು ಮುಟ್ಟಿಸಕೂಡದು ಅಂತ ಡಾಕ್ಟರು ಹೇಳಿದ್ದರಂತೆ. ವಾರ ಕಳೆದ ಮೇಲೆ ಅಲ್ಲಿ ಬಿಟ್ಟಿದ್ದ ನನ್ನ ಸೀರೆ ತರಲು ಹೋದೆ. ಸೀರೆ ನೆಪ. ಕಾಲು ಹಿಡಿಯದೆ ಕೆಲಸ ಕೇಳುವುದು ಹೇಗೆ ಅಂತ ದಾರಿಯುದ್ದಕ್ಕೂ ಯೋಚನೆ ಮಾಡಿಕೊಂಡು ಹೋಗಿದ್ದೆ. ಹೋದರೆ ವರಾಂಡದಲ್ಲಿ ಅದೇ ಮೇಸ್ತ್ರಿ, ಅದೇ ಚೀಲ, ಅದೇ ಡಾಕ್ಟರು. ಏಸಿ ಮತ್ತೆ ನಿಂತಿತ್ತು.

“ಈಗ ಯಾರಯ್ಯ ನೀರು ಎರಚಿದ್ದು?” ಅಂತ ಕೇಳುತ್ತಿದ್ದರು ಡಾಕ್ಟರು. “ರೂಮಿಗೆ ಬೀಗ ಹಾಕಿದೀನಿ. ಬೀಗದ ಕೈ ನನ್ನ ಹತ್ರ ಐತೆ.”

“ಹಳೇದು ಉಳ್ಕೊಂಡಿರ್ತತೆ ಸಾರ್. ಬ್ಲೀಚಿಂಗ್ ಅಂದ್ರೆ ಸುಮ್ನೆ ಅಲ್ಲ.”

“ನೀನೇ ಕೆರೆದು ತೆಗೆದಿದ್ಯಲ್ಲ!”

ಅವನು ಅತ್ತಿತ್ತ ನೋಡಿದ. ಕಂಬದ ಪಕ್ಕ ನಿಂತಿದ್ದ ನನ್ನನ್ನು ನೋಡಿ ಇನ್ನಷ್ಟು ಬಿಗಿಯಾದ. “ತಡೀರಿ ಸಾರ್. ಈಯಮ್ಮ ಮುಟ್ಟದಿದ್ದ ಬೋರ್ಡು ಹೆಂಗಿರ್ತತೆ ಅಂತ ತೋರಿಸ್ತೀನಿ. ಆಗ ನೀವೇ ಹೇಳ್ರಿ” ಅಂತ ಚೀಲಕ್ಕೆ ಕೈ ಹಾಕಿದ. ನ್ಯಾಮತಿಯ ಒಬ್ಬ ಅಡಿಕೆ ವ್ಯಾಪಾರಿಯ ಸ್ಟೆಬಿಲೈಸರಿನ ಬೋರ್ಡು ತೆಗೆದ. ಡಾಕ್ಟರ ಮುಂದೆ ಹಿಡಿದ.

ಅದರ ಮೂಲೆಯಲ್ಲೂ ಬೆಳ್ಳಗಿತ್ತು.

ಮೇಸ್ತ್ರಿ ಅದನ್ನು ಹತ್ತಿರ ತಂದು ನೋಡಿದ. ಮತ್ತೆ ಚೀಲಕ್ಕೆ ಕೈ ಹಾಕಿ ಚನ್ನಗಿರಿಯ ಯಾವುದೋ ಟೀವಿಯ ಬೋರ್ಡು ತೆಗೆದ. ಅದೇ ಮೂಲೆ, ಅದೇ ಬಿಳಿ. ಜಗಳೂರಿನದೊಂದು ಇತ್ತು. ಅದರಲ್ಲೂ ಇತ್ತು, ಆದರೆ ಒಣಗಿ ಹಿಟ್ಟಿನಂತೆ ಉದುರುತ್ತಿತ್ತು, ಕೆಳಗಿನ ತಾಮ್ರ ಹೊಸದರಂತೆ ಹೊಳೆಯುತ್ತಿತ್ತು.

“ನಾನು ಜಗಳೂರಿಗೂ ಹೋಗಿ ತೊಳೆದೆನೇನ್ರೀ?” ಅಂದೆ.

ಅವನು ಕೇಳಿಸಿಕೊಳ್ಳಲಿಲ್ಲ. ಬೋರ್ಡುಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಇಟ್ಟ. ಒಂದನ್ನು ಎತ್ತಿ, ಕೆಲಸ ಮಾಡುವಾಗ ಹಿಡಿಯುವಂತೆ ಎಡಗೈಯಲ್ಲಿ ಹಿಡಿದ. ಹೆಬ್ಬೆರಳು ಸರಿಯಾಗಿ ಆ ಬಿಳಿಯ ಮೇಲೆ ಹೋಗಿ ಕೂತಿತು. ಬೋರ್ಡು ಕೆಳಗಿಟ್ಟು ತನ್ನ ಹೆಬ್ಬೆರಳನ್ನು ಕಣ್ಣ ಮುಂದೆ ತಂದು ನೋಡಿದ. ಉಗುರಿನ ಸಂದಿಯಲ್ಲಿ, ಗೆರೆ ಗೆರೆಯಲ್ಲಿ ಸುಣ್ಣ. ಆಗಷ್ಟೇ ಹಾಕಿಕೊಂಡಿದ್ದ ಎಲೆ ಇನ್ನೂ ಬಾಯಲ್ಲಿತ್ತು.

ಈಗ ಇವನು ನೆಲಕ್ಕೆ ಇಳಿಯುತ್ತಾನೆ, ಮುಖ ಮುಚ್ಚಿಕೊಳ್ಳುತ್ತಾನೆ ಅಂದುಕೊಂಡೆ. ಮನುಷ್ಯ ಆಗಿದ್ದರೆ ಹಾಗೇ ಮಾಡಬೇಕಿತ್ತು. ಇವನು ಜಿಗಿದ! ನಡುವಯಸ್ಸಿನ ಗಂಡಸು, ಹುಡುಗರಂತೆ ಜಿಗಿದು ಬೆಂಚಿಗೆ ಗುದ್ದಿದ.

“ಸಿಕ್ತು ಸಾರ್! ಸುಣ್ಣ ಸಾರ್, ಸುಣ್ಣ! ನನ್ನ ಕೈ ಸುಣ್ಣ! ಆ ಮೂಲೇಲೇ ಬಿಸಿ ತಿಳಿಯೋ ವೈರು ಬಂದು ಸೇರೋದು. ಮಳೆಗೆ ಸುಣ್ಣ ತೇವ ಹಿಡಿತತೆ, ಆ ತೇವದಾಗೇ ಕರೆಂಟು ಕಳ್ಳದಾರಿ ಹಿಡಿತತೆ. ಬೋರ್ಡಿಗೆ ರೂಮು ತಂಪಾಗೈತೆ ಅನಿಸ್ತತೆ, ಆರಿಸ್ತತೆ. ಜಗಳೂರಾಗೆ ವೋಲ್ಟೇಜು ಚೆನ್ನಾಗಿದ್ದಿದ್ದಲ್ಲ ಸಾರ್, ಅಲ್ಲಿ ಗಾಳಿಯಾಗೆ ತೇವ ಇಲ್ಲ! ಬೆಂಗಳೂರಿಂದ ಕರಸ್ತೀನಿ ಅಂದ್ರಲ್ಲ, ಅಲ್ಲಿ ಯಾವನಿಗಾದ್ರೂ ಇದು ಸಿಗ್ತಿತ್ತಾ? ಹೇಳ್ರಿ!”

ಕೆಡಿಸಿದವನು ತಾನು ಅನ್ನುವುದು ಅವನ ಮನಸ್ಸಿಗೆ ತಟ್ಟಲೇ ಇಲ್ಲ. ಕಂಡುಹಿಡಿದವನು ತಾನು ಅನ್ನುವುದರಲ್ಲೇ ಅದು ಮುಳುಗಿಹೋಗಿತ್ತು. ಸುಮ್ಮನಿದ್ದಿದ್ದರೆ, ಬೋರ್ಡು ಚೀಲಕ್ಕೆ ತುಂಬಿಕೊಂಡು ಹೊರಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನ್ನ ತಲೆಯ ಮೇಲಿನ ಮಾತು ಹಾಗೇ ಉಳಿಯುತ್ತಿತ್ತು. ಅವನ ಜಂಭ ಅವನನ್ನು ಸುಮ್ಮನಿರಗೊಡಲಿಲ್ಲ. ನನಗೆ ನ್ಯಾಯ ಸಿಕ್ಕಿದ್ದು ಅವನ ಒಳ್ಳೆಯತನದಿಂದ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಡಾಕ್ಟರಿಗೂ ನಗು. “ಎಲಾ ನಿನ್ನ! ನಿನ್ನ ಬಾಯಿ ಚಟಕ್ಕೆ ನನ್ನ ಏಸಿ ಬಲಿ ಕೊಟ್ಟಿದ್ಯಲ್ಲೋ!” ಅಂತ ಅವನ ಬೆನ್ನಿಗೆ ಗುದ್ದಿದರು. ಇಬ್ಬರೂ ನಕ್ಕರು. ನಕ್ಕು ಸುಸ್ತಾಗಿ ಡಾಕ್ಟರು ನನ್ನ ಕಡೆ ತಿರುಗಿ, “ಎರಡು ಚಾ ಹೇಳಮ್ಮ” ಅಂದರು.

ನಾನು ಅಲ್ಲಾಡಲಿಲ್ಲ.

“ನಾಳೆ ನಾನು ಬರಬೇಕೋ, ಬ್ಯಾಡ್ವೋ?”

“ಏ, ಬಾ ಬಾ. ಅದೇನು ಕೇಳ್ತೀಯ?” ಅಂದರು. ನಾನೇ ಮುನಿಸಿಕೊಂಡು ಮನೆಯಲ್ಲಿ ಕೂತಿದ್ದೆ ಅನ್ನುವ ಹಾಗೆ.

ಚಾ ಹೇಳಿದೆ. ಕೆಲಸ ಸಿಕ್ಕಿತ್ತು, ಚಾ ಹೇಳದೆ ಏನು ಮಾಡಲಿ?

ಆಮೇಲೆ ಆ ಕತೆಯನ್ನು ಅವನು ಬಸ್ಸಿನಲ್ಲಿ, ಮಂಡಿಯಲ್ಲಿ, ಮದುವೆ ಮನೆಯ ಚಪ್ಪರದಲ್ಲಿ, ಹೇಳದ ಜಾಗವಿಲ್ಲ. ನಾನೇ ತವರಿಗೆ ಹೋದಾಗ ಕೇಳಿದ್ದೇನೆ. ಅದರಲ್ಲಿ ಡಾಕ್ಟರು ಇರುತ್ತಿದ್ದರು, ಬೆಂಗಳೂರಿನ ಇಂಜಿನಿಯರುಗಳು ಬಂದು ಸೋತು ಹೋಗಿರುತ್ತಿದ್ದರು, ಸುಣ್ಣ ಇರುತ್ತಿತ್ತು. ನಾನು ಇರುತ್ತಿರಲಿಲ್ಲ. ಹೊನ್ನಾಳಿಯ ನಲ್ಲಿಯ ಹತ್ತಿರ ಮಾತ್ರ ನಾನಿದ್ದೆ. ಮಿಷನ್ ತೊಳೆದವಳು ಅಂತ. ಡಾಕ್ಟರು ಪಾಪ ಅಂತ ಮತ್ತೆ ಸೇರಿಸಿಕೊಂಡಿದ್ದಾರೆ ಅಂತ. ಕೆಟ್ಟ ಮಾತು ಹೋದಷ್ಟು ದೂರ ಸುಣ್ಣದ ಮಾತು ಹೋಗಲಿಲ್ಲ.

ಕಾರ್ತಿಕದ ಹೊತ್ತಿಗೆ ಮೇಸ್ತ್ರಿ ಮತ್ತೆ ಬಂದ. ಸುಣ್ಣ ತಿಂದ ತಾಮ್ರದ ಗೆರೆಗಳ ಬದಲು ತಂತಿ ಬೆಸೆಯಬೇಕಿತ್ತು. ಎಲೆ ಬಿಟ್ಟಿರಲಿಲ್ಲ, ಅದು ಅವನಿಂದ ಆಗುವುದೂ ಇಲ್ಲ. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಬೋರ್ಡನ್ನು ತಾನು ಹಿಡಿಯುವುದೇ ಇಲ್ಲ, ಬೇರೆಯವರ ಕೈಯಲ್ಲಿ ಹಿಡಿಸುವುದು. ವರಾಂಡದ ಮೇಜಿನ ಮೇಲೆ ಎಲ್ಲ ಹರಡಿಕೊಂಡು, ಕಡ್ಡಿ ಕಾಯಲು ಹಾಕಿ, ನನ್ನನ್ನು ಕರೆದ.

“ಯಕ್ಕ, ಬಾ ಇಲ್ಲಿ. ಇದನ್ನ ಚೂರು ಹಿಡ್ಕ. ಈ ಆಸ್ಪತ್ರೇಲಿ ನಿನ್ನಷ್ಟು ಚೊಕ್ಕ ಕೈ ಯಾರ್ದೂ ಇಲ್ಲ.”

ನಾನು ಕೈ ಕಟ್ಟಿಕೊಂಡು ನಿಂತೆ. “ಆ ಮಾತು ಅವತ್ತು ಎಲ್ಲಿ ಹೋಗಿತ್ತು?”

“ಯಾವತ್ತು?”

“ಇದೇ ಜಾಗದಾಗೆ, ಬೆಂಚಿನ ತುಂಬ ಜನ ಕೂತಿದ್ದಾಗ. ಮಿಷನ್ ಮೇಲೆ ನೀರು ಎರಚ್ಯಾಳೆ ಅಂದ್ರಲ್ಲ, ಅವತ್ತು.”

“ಅದು ಆವಾಗ್ಲೇ ಮುಗೀತಲ್ಲಕ್ಕ. ಸುಣ್ಣ ಅಂತ ನಾನೇ ಹೇಳಿದ್ನಲ್ಲ, ಎಲ್ಲಾರ ಮುಂದೆ.”

“ಸುಣ್ಣದ್ದು ಹೇಳಿದ್ರಿ. ನನ್ನದು ಹೇಳಲಿಲ್ಲ.”

ಅವನು ನಕ್ಕ. ನಗಿಸಲು ನೋಡಿದ. “ನಿಂದೇನು ಹೇಳಲಿ? ಈಯಮ್ಮ ಸಾಕ್ಷಾತ್ ಗಂಗೆ ಅಂತ ಡಂಗುರ ಸಾರಲಾ?”

“ನೀರು ಎರಚಿಲ್ಲ ಅಂತ ಹೇಳ್ರಿ. ಸುಮ್ನೆ ಆಕೆ ಮೇಲೆ ಹಾಕಿದ್ದೆ ಅಂತ ಹೇಳ್ರಿ. ಜನ ಅವ್ರೆ ನೋಡ್ರಿ.”

“ಇವರ್ಯಾರೂ ಅವತ್ತಿನೋರಲ್ಲಕ್ಕ.”

“ಆಗ್ಲಿ. ಇವರಿಗೇ ಹೇಳ್ರಿ.”

ಕಡ್ಡಿ ಕಾದು ಹೊಗೆ ಬಿಡತೊಡಗಿತು. ಒಳಗಿಂದ ಡಾಕ್ಟರು, “ಏನಯ್ಯ, ಆಯ್ತಾ?” ಅಂತ ಕೂಗಿದರು. ಇವನು ಬಾಯಲ್ಲಿದ್ದ ಎಲೆಯನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸಿದ. ಬೋರ್ಡಿನ ಕಡೆ ನೋಡಿಕೊಂಡು ಏನೋ ಗೊಣಗಿದ.

“ಬೋರ್ಡಿಗೆ ಹೇಳಬ್ಯಾಡ್ರಿ” ಅಂದೆ.

ಎದ್ದು ಅಂಗಳದ ಅಂಚಿಗೆ ಹೋಗಿ ಉಗಿದು ಬಂದ. ಎಲೆ ಇಲ್ಲದ ಬಾಯಿ ಅವನದು ಅಂತ ಅನ್ನಿಸಲಿಲ್ಲ. ಬೆಂಚಿನ ಕಡೆ ತಿರುಗಿ ನಿಂತ. ಅಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡ ಒಬ್ಬ ಮುದುಕ, ಒಬ್ಬಳು ಬಸುರಿ, ಆಕೆಯ ತಾಯಿ, ಇನ್ಯಾರೋ ಇದ್ದರು.

“ಕೇಳ್ರಪ್ಪ” ಅಂದ. ದನಿ ದೊಡ್ಡದಾಗಿ ಬರಲಿಲ್ಲ. “ಈಯಕ್ಕ ಡಾಕ್ಟ್ರ ಮಿಷನ್ ಮೇಲೆ ನೀರು ಹಾಕಿಲ್ಲ. ನನಗೆ ತಪ್ಪು ಸಿಕ್ಕಿರಲಿಲ್ಲ. ಅದಕ್ಕೆ ಸುಮ್ನೆ ಈಯಕ್ಕನ ಮೇಲೆ ಹಾಕ್ದೆ.”

ಬಸುರಿ ತಾಯಿಯ ಮುಖ ನೋಡಿದಳು. ಯಾರಿಗೂ ತಲೆ ಬುಡ ತಿಳಿಯಲಿಲ್ಲ. ಪಟ್ಟಿ ಕಟ್ಟಿದ ಮುದುಕ ಮಾತ್ರ ತಲೆಯಾಡಿಸಿ, “ಹಾಕಿದ್ದು ತಪ್ಪು ಬಿಡಪ್ಪ” ಅಂದ.

ನಾನು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದೆ. ಬೋರ್ಡಿನ ಎರಡೂ ಅಂಚು ಹಿಡಿದೆ. ಅವನು ಕಡ್ಡಿ ಎತ್ತಿಕೊಂಡು ತಂತಿಯ ತುದಿಗೆ ತಂದ. ತಂತಿಗೆ ತಾಗಿಸಲು ಹೋದ, ಪಕ್ಕಕ್ಕೆ ಜಾರಿತು. ಮತ್ತೆ ಹೋದ, ಮತ್ತೆ ಜಾರಿತು.

“ಅಲ್ಲಾಡಿಸಬ್ಯಾಡಕ್ಕ” ಅಂದ.

ನಾನು ಅಲ್ಲಾಡಿಸಿರಲಿಲ್ಲ. ಅಲ್ಲಾಡುತ್ತಿದ್ದುದು ಅವನ ಕಡ್ಡಿ. ಅದು ನಿಲ್ಲುವವರೆಗೆ ಬೋರ್ಡು ಹಿಡಿದುಕೊಂಡೇ ಇದ್ದೆ.